ಸುಳಿಯ ಲೆಕ್ಕ

ಕಾಳಮರಿ ಮಾವ ಹೋರಿಯ ಹಲ್ಲು ನೋಡುವ ಮೊದಲು
ಮೈ ಸವರುತ್ತಿದ್ದ, ಹಿಂಗೈಯಿಂದ, ಕೂದಲಿಗೆ ಎದುರಾಗಿ.
ಹಣೆಯಲ್ಲೊಂದು, ಬೆನ್ನ ಮೇಲೊಂದು,
ಹಿಣಿಲ ಹಿಂದೆ ಕಂಡೂ ಕಾಣದ ಹಾಗೆ ಇನ್ನೊಂದು.
ಸುಳಿ ಎಣಿಸಿ ಆಮೇಲೆ ಬೆಲೆ.

ಬೆಲೆ ಬಾಯಲ್ಲಿ ಆಡುವುದಲ್ಲ.
ಟವೆಲ್ ಮರೆಯಲ್ಲಿ ಕೊಳ್ಳುವವನ ಬೆರಳು ಹಿಡಿದು ಅದುಮುವುದು.
ಮೂರೆಂದರೆ ಮೂರು, ನಾಲ್ಕೆಂದರೆ ನಾಲ್ಕು.
ಕೈಗೆ ಸಗಣಿಯಿರಲಿ, ಬೆವರಿರಲಿ, ಆಸೆಗೆ ನಡುಗುತ್ತಿರಲಿ,
ಮೂರೂವರೆ ಬೆರಳು ಮಂಡ್ಯದ ಸೀಮೆಯಲ್ಲಿ ಯಾರಿಗೂ ಇಲ್ಲ.

ನನಗೆ ಹತ್ತು ವರ್ಷ. ನಮ್ಮ ಕೆಂದ ಹೋರಿಗೆ
ಬಲ ಪಕ್ಕೆಯಲ್ಲಿ ಬೇಡದ ಸುಳಿ.
ಬಂದವರು ಸವರಿದರು, ಟವೆಲ್ ಕೊಡವಿ ಹೆಗಲಿಗೇರಿಸಿ ಹೋದರು.
ಮುಂದಿನ ಸಂತೆಯ ಹಿಂದಿನ ರಾತ್ರಿ
ಕೊಟ್ಟಿಗೆಯಲ್ಲಿ ಲಾಟೀನಿಟ್ಟು, ಅಕ್ಕನ ಬಾಚಣಿಗೆ ಕದ್ದು,
ಹರಳೆಣ್ಣೆ ಹಚ್ಚಿ ಬಾಚಿದೆ.
ಮೇಲಕ್ಕೆ ಬಾಚಿದರೆ ಕೆಳಗೆ ಜಾರಿತು.
ಕೆಳಕ್ಕೆ ಬಾಚಿದರೆ ಅಡ್ಡಕ್ಕೆ ಸರಿಯಿತು.
ಕೋಳಿ ಕೂಗುವ ಹೊತ್ತಿಗೆ
ಪಕ್ಕೆಯೆಲ್ಲ ಅಲೆದು ದಣಿದ ಸುಳಿ
ತೊಡೆಯ ಹತ್ತಿರ ನಿಂತಿತ್ತು. ಹಾಗೇ. ಒಂದೇ.

ಮಾವ ನಗಲಿಲ್ಲ. ಬಾಚಣಿಗೆಯ ಹಲ್ಲಿನಿಂದ ಕೆಂಗೂದಲು ಬಿಡಿಸುತ್ತ,
“ಅದು ಹೋಗಾಕಿಲ್ಲ ಕನವ್ವ,” ಅಂದ,
“ತಾವು ಬದಲಾಯ್ಸ್ತದೆ ಅಷ್ಟೆಯ.”

ಮೂವತ್ತು ವರ್ಷದ ಮೇಲೆ, ಮೈಸೂರಿನಲ್ಲಿ, ಗಂಗೋತ್ರಿಯ ಕತ್ತಲ ಕೋಣೆ.
ಎರಡು ಗಾಜಿನ ನಡುವೆ ಒಂದು ಹನಿ ದ್ರವಸ್ಫಟಿಕ.
ಅದರ ಅಣು ಕೂದಲ ಹಾಗೆ ಉದ್ದ,
ಪಕ್ಕದ್ದು ಮಲಗಿದತ್ತಲೇ ಮಲಗುವ ಜಾತಿ.
ಹಾಗೆ ಮಲಗಲು ಆಗದ ಕಡೆ ಒಂದು ಚುಕ್ಕೆ,
ಚುಕ್ಕೆಯಿಂದ ಹೊರಟ ನಾಲ್ಕು ಕಪ್ಪು ಕುಂಚ.
ಮಸೂರದ ಮೇಲಿನ ಕೆಳಗಿನ ಧ್ರುವಕಗಳೆರಡನ್ನೂ ಜೊತೆಗೆ ತಿರುಗಿಸಿದೆ:
ಒಂದು ಚುಕ್ಕೆಯ ಕುಂಚ ನನ್ನ ಜೊತೆ ತಿರುಗಿತು,
ಇನ್ನೊಂದರದು ನನಗೆ ಎದುರು.
ಕಾದೆ.
ಕಾಫಿ ಆರಿತು.
ಎರಡೂ ಮೆಲ್ಲಗೆ ಹತ್ತಿರ ಬಂದು, ಕೊನೆಗೆ ಓಡಿ ಬಂದು,
ಮುಟ್ಟಿದವು. ಅಲ್ಲಿ ಈಗ ಏನೂ ಇಲ್ಲ.
ಮೊದಲೂ ಮೊತ್ತ ಸೊನ್ನೆ, ಆಮೇಲೂ ಸೊನ್ನೆ.
ನನ್ನ ಹಿಂಗೈ ತಾನಾಗಿ ಎದ್ದು
ಮಸೂರದ ಕೆಳಗಿನ ಗಾಜು ಸವರಲು ಹೋಯಿತು.

ಆಮೇಲೆ ಎಲ್ಲ ಕಡೆ ಅದೇ.
ಶೀತದ ಕೊನೆಯ ಮೆಟ್ಟಿಲಲ್ಲಿ ಹೀಲಿಯಂ:
ಪಾತ್ರೆ ತಿರುಗಿಸಿದರೆ ಜಪ್ಪಯ್ಯ ಅಂದರೂ ತಿರುಗದು.
ಇನ್ನಷ್ಟು ಜೋರು, ತಟ್ಟನೆ ಒಂದು ಸುಳಿ. ಇನ್ನಷ್ಟು, ಎರಡು.
ಒಂದೂಕಾಲು ಎಂಬುದು ಅದಕ್ಕೆ ತಿಳಿಯದು.
ಕಾಂತದ ಬಾಯಿಗೆ ಕೊಟ್ಟ ತೆಳು ಹಾಳೆಯಲ್ಲಿ
ಕರೆಂಟು ಅಡ್ಡಡ್ಡ ಸರಿದು ಮೆಟ್ಟಿಲು ಕಟ್ಟುತ್ತದೆ.
ಹಾಳೆಯಲ್ಲಿ ಕಸವಿದ್ದರೂ, ಅಂಚು ಹರಿದಿದ್ದರೂ
ಮೆಟ್ಟಿಲ ಎತ್ತರ ಕೂದಲೆಳೆಯಷ್ಟೂ ಕದಲದು.
(ಕೆಲವು ಹಾಳೆಯಲ್ಲಿ ಮೂರರಲ್ಲೊಂದು ಪಾಲೂ ಬರುತ್ತದೆ.
ಮಾವನಿಗೆ ಹೇಳಿದೆ. ಒಪ್ಪಲಿಲ್ಲ.)

ಸಂಗಮದ ನೀರೋ, ಕೆಂದನ ಕೂದಲೋ, ಕಾಣದ ಕಾಂತವೋ,
ತಾನು ಯಾತರಲ್ಲಿ ಸುತ್ತುತ್ತಿದ್ದೇನೆಂಬ ನೆನಪು ಸುಳಿಗಿಲ್ಲ.
ಎಷ್ಟು ಸುತ್ತು ಎಂಬುದಷ್ಟೇ ನೆನಪು.
ಬೋರ್ಡಿನ ಮೇಲೆ ಅದಕ್ಕೆ ಉದ್ದದ ಹೆಸರು ಬರೆಯುತ್ತೇನೆ,
ಒರೆಸುವಾಗ ಮನಸ್ಸಿನಲ್ಲಿ ಸುಳಿ ಅನ್ನುತ್ತೇನೆ.

ಕೆಂದನನ್ನು ಯಾರೂ ಕೊಳ್ಳಲಿಲ್ಲ.
ಹನ್ನೊಂದು ವರ್ಷ ಕಬ್ಬಿನ ಗಾಡಿ ಎಳೆದ.

ಹೋದ ತಿಂಗಳು ಮಂಡ್ಯದ ಬ್ಯಾಂಕಿನಲ್ಲಿ
ಮಾವನ ಹೆಬ್ಬೆಟ್ಟು ಮಿಷನ್ನು ಒಪ್ಪಲಿಲ್ಲ.
ಹಗ್ಗ ಹಿಡಿದು ಹಿಡಿದು ಗೆರೆಯೆಲ್ಲ ಸವೆದು ಹೋಗಿದೆ.
“ಇನ್ನೊಂದು ಬೆರಳು ಇಡಿ ತಾತ.” ಹತ್ತೂ ಇಟ್ಟ. ಹತ್ತೂ ಸುಳ್ಳು.
ಕಿಟಕಿಯ ಬಿಸಿಲಿಗೆ ಕೈ ತಿರುಗಿಸಿ ಕನ್ನಡಕ ಸರಿಸಿ ನೋಡಿದೆ:
ಗೆರೆ ಅರ್ಧಕ್ಕರ್ಧ ಇಲ್ಲ,
ಉಳಿದ ತುಂಡುಗಳು ಮಾತ್ರ ಇನ್ನೂ
ಇಲ್ಲದ ನಡುವಿನ ಸುತ್ತ ತಿರುಗುತ್ತಲೇ ಇವೆ.
ಚಕ್ರ. ಪೂರ್ತಿ ಒಂದು ಸುತ್ತು.

“ಏನ್ ಕಾಣ್ತದವ್ವ?”
ಹೇಳುವ ಮೊದಲೇ ಹೆಗಲ ಟವೆಲ್ಲು ಇಳಿಸಿ
ನಮ್ಮಿಬ್ಬರ ಕೈ ಮುಚ್ಚಿದ.
ಕ್ಯಾಷಿಯರ್ ನೋಡುತ್ತಿದ್ದ.
ಒಂದು ಬೆರಳು ಹಿಡಿದು ಅದುಮಿದೆ.
ಮಾವ ತುಸು ಯೋಚಿಸಿ, ಚೌಕಾಸಿ ಮಾಡದೆ, ತಲೆಯಾಡಿಸಿದ.